ಇಪ್ಪತ್ತಾರು ನಿಮಿಷದ ಸುತ್ತು

ಸಮುದ್ರದಾಚೆಯ ಆ ವಿಮಾನ ನಿಲ್ದಾಣಕ್ಕೂ ನಮ್ಮದಕ್ಕೂ ನಡುವೆ ಐದು ಸಾವಿರದ ಆರುನೂರ ನಲವತ್ತು ಕಿಲೋಮೀಟರ್. ಇಲ್ಲಿಂದ ಹೋಗುವಾಗ ಗಾಳಿ ಬೆನ್ನಿಗಿರುತ್ತದೆ, ಆರು ಗಂಟೆ ಸಾಕು. ಅಲ್ಲಿಂದ ಬರುವಾಗ ಅದೇ ಗಾಳಿ ಎದುರಾಗುತ್ತದೆ, ಹತ್ತಿರ ಹತ್ತಿರ ಏಳು ಗಂಟೆ. ವಿಮಾನಗಳಿಗೆ ದಾರಿ ಹಾಕಿಕೊಡುವುದೇ ನನ್ನ ಕೆಲಸ. ಹದಿನಾಲ್ಕು ವರ್ಷದಲ್ಲಿ ಆ ಒಂದು ಗಂಟೆಯ ಮೇಲೆ ಅವತ್ತು ಬಂದಂಥ ಸಿಟ್ಟು ಹಿಂದೆ ಯಾವತ್ತೂ ಬಂದಿರಲಿಲ್ಲ.

ಬೆಳಿಗ್ಗೆ ಮೃಗಾಲಯದಲ್ಲಿ ನನ್ನ ತಮ್ಮನಿಗೆ ಹಾವು ಕಚ್ಚಿತ್ತು. ಅಲ್ಲಿನ ಹಾವುಗಳನ್ನು ನೋಡಿಕೊಳ್ಳುವವನೇ ಅವನು. ಕಚ್ಚಿದ್ದು ಪರದೇಶದ ಹಾವು. ಅದರ ಮದ್ದೂ ಪರದೇಶದಲ್ಲೇ. ಮದ್ದಿನ ಪೆಟ್ಟಿಗೆ ನಾನೇ ದಾರಿ ಹಾಕಿದ್ದ ವಿಮಾನದಲ್ಲಿ, ನಮ್ಮ ಗಡಿಯಾರದ ಹನ್ನೊಂದಕ್ಕೆ ಅಲ್ಲಿಂದ ಹೊರಟಿತ್ತು. ಐದು ಐವತ್ತೈದಕ್ಕೆ ಇಳಿದರೆ ಆರು ಇಪ್ಪತ್ತಕ್ಕೆ ಆಸ್ಪತ್ರೆ. ಡಾಕ್ಟರ ಗಡುವು ಆರೂವರೆ. ಅದು ದಾಟಿದರೆ ಭರವಸೆ ಕೊಡಲಾರೆ ಎಂದಿದ್ದರು.

"ನೀವು ಮನೆಗೆ ಹೋಗಿಮ್ಮಾ" ಎಂದರು ಮೇಲಧಿಕಾರಿ. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಹಟಮಾರಿ ಅನ್ನಿಸಿಕೊಳ್ಳುವುದು ನನಗೇನು ಹೊಸದಲ್ಲ.

ಮೂರೂಕಾಲಿಗೆ ಆ ವಿಮಾನದ ಕ್ಯಾಪ್ಟನ್ ಉಪಗ್ರಹ ಫೋನಿನಲ್ಲಿ ಬಂದರು. ಮುಂದೆ ಎರಡು ದೊಡ್ಡ ಗುಡುಗು ಮೋಡ, ನಡುವೆ ಸಂದಿ.

"ಪೆಟ್ಟಿಗೆ ಯಾರಿಗೆ ಅಂತ ಗೊತ್ತಮ್ಮಾ. ಸಂದೀಲಿ ನುಗ್ಗಬಹುದು ಅನ್ಸುತ್ತೆ. ನೀವು ಹೂಂ ಅಂದ್ರೆ ಹೋಗ್ತೀನಿ."

ನಮ್ಮಲ್ಲಿ ಯಾವ ದಾರಿಗೂ ಇಬ್ಬರೂ ಒಪ್ಪಬೇಕು, ಮೇಲಿರುವವರೂ ಕೆಳಗಿರುವವರೂ. ಪರದೆಯ ಮೇಲೆ ಅಳೆದೆ. ಎರಡೂ ಪಕ್ಕಕ್ಕೆ ಮೂವತ್ತೈದು ಕಿಲೋಮೀಟರ್ ಬಿಡಬೇಕು. ಇಡೀ ಸಂದಿಯೇ ನಲವತ್ತು, ಅದೂ ಕಿರಿದಾಗುತ್ತಿತ್ತು. ಮತ್ತೊಮ್ಮೆ ಅಳೆದೆ. ಹೂಂ ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು, ಸುಳ್ಳೇಕೆ ಹೇಳಲಿ. ವಿಮಾನದಲ್ಲಿ ಇನ್ನೂರ ಹನ್ನೆರಡು ಜನರಿದ್ದರು.

"ಬೇಡ. ಸುತ್ತಿಕೊಂಡು ಬನ್ನಿ" ಎಂದೆ.

ಇಪ್ಪತ್ತಾರು ನಿಮಿಷ ಹೆಚ್ಚು. ತಮ್ಮನ ಹೆಂಡತಿಗೆ ಫೋನ್ ಮಾಡಿದೆ.

"ತಡ ಆಗುತ್ತೆ ಕಣೇ. ಆರು ನಲವತ್ತಾರು."

"ಆರೂವರೆ ಅಂದಿದ್ರಲ್ಲಾ ಡಾಕ್ಟ್ರು! ಯಾರು ತಡ ಮಾಡಿದ್ದು?"

ಮೋಡದ ಮೇಲೆ ಹಾಕಿ ಜಾರಿಕೊಳ್ಳಬಹುದಿತ್ತು.

"ನಾನೇ" ಎಂದೆ. ನಡೆದದ್ದನ್ನೆಲ್ಲ ಹೇಳಿದೆ.

"ಡಾಕ್ಟ್ರಿಗೆ ಹೇಳ್ತೀನಿ" ಎಂದು ಫೋನಿಟ್ಟಳು.

ಆರು ಹತ್ತಕ್ಕೆ ತಮ್ಮನ ಉಸಿರು ಕೈಕೊಟ್ಟಿತು, ಯಂತ್ರ ಹಾಕಿದರು. ಆರು ನಲವತ್ತೆಂಟಕ್ಕೆ ಮದ್ದು ಮೈಗೇರಿತು. ಆಸ್ಪತ್ರೆಯ ವರಾಂಡದ ಬೆಂಚಿನಲ್ಲಿ ಅವಳು ಒಂದು ತುದಿ, ನಾನು ಇನ್ನೊಂದು. ಎರಡು ದಿನ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವನು ಹೋದರೆ ಈ ಜನ್ಮದಲ್ಲಿ ನೋಡುವುದಿಲ್ಲ ಎಂದು ನನಗೆ ಗೊತ್ತಿತ್ತು.

ಮೂರನೆಯ ದಿನ ಒಳಗಿನಿಂದ ಓಡಿಬಂದಳು.

"ಕಣ್ಬಿಟ್ರು ಅಕ್ಕಾ! ನನ್ನ ಕೈ ಹಿಡ್ಕೊಂಡ್ರು!"

ನನ್ನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಆಮೇಲೆ ಬಿಡಿಸಿಕೊಂಡು, ಮೂಗು ಒರೆಸಿಕೊಂಡು, ನೆಟ್ಟಗೆ ನಿಂತಳು.

"ಅವ್ರು ಉಳ್ಕೊಂಡ್ರಲ್ಲ, ಇನ್ನು ನಿಮ್ಮ ಮೇಲೆ ಸಿಟ್ಟು ಮಾಡ್ಕೋಬಹುದು."

"ಮಾಡ್ಕೋ ಮಹಾತಾಯಿ" ಎಂದೆ.

ಬಾಯಿಗೆ ಬಂದಂತೆ ಬೈದಳು. ನಾನು ಅಲ್ಲೇ ನಿಂತು ಅಷ್ಟನ್ನೂ ಕೇಳಿಸಿಕೊಂಡೆ.