ಹೇಳಿ ಮುಟ್ಟಬೇಕು

"ಇನ್ನೊಸಿ ಒತ್ತೋ ಮಹೇಂದ್ರ! ಮಂಡಿ ಮ್ಯಾಲೆ ಭಾರ ಬುಡು!"

ಸಿದ್ದಮಲ್ಲಪ್ಪ ತೀರಿಕೊಂಡ ತಮ್ಮನ ಹೆಗಲನ್ನು ಅದುಮಿ ಹಿಡಿದಿದ್ದರು. ಮಹೇಂದ್ರ ಅಪ್ಪನ ಮಂಡಿ ಮಡಿಸಲು ಹೆಣಗುತ್ತಿದ್ದ. ಕಾಲು ಬಗ್ಗಲಿಲ್ಲ. ಒತ್ತಿದಷ್ಟೂ ಇಡೀ ದೇಹ ಹಲಗೆಯ ಹಾಗೆ ಎದ್ದು ಮತ್ತೆ ಚಾಪೆಗೆ ಬಿತ್ತು. ತಲೆ ನೆಲಕ್ಕೆ ಬಡಿದ ಸದ್ದಿಗೆ ಬಾಗಿಲಲ್ಲಿ ನಿಂತಿದ್ದ ಚೈತ್ರ ಹೊಸ್ತಿಲು ದಾಟಿದಳು.

"ಬಿಡಿ! ಅವ್ರನ್ನ ಬಿಡಿ!" ಎಂದು ಕೂಗಿಯೇಬಿಟ್ಟಳು.

ನಡುಮನೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬೆಟ್ಟದಪುರದಲ್ಲಿ ಅವಳನ್ನು ಬಲ್ಲವರು ಕಡಿಮೆ. ಹುಣಸೂರಿನ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ಕೆಲಸ ಮಾಡುವ ಹುಡುಗಿ, ಆ ಕೆಲಸ ಕಲಿಸಿದ ಇದೇ ಶಿವನಂಜಪ್ಪ ಮೇಷ್ಟ್ರ ಹಳೇ ಶಿಷ್ಯೆ. ಬೆಳಿಗ್ಗೆಯಿಂದ ಒಳಗೆ ಬರಲೂ ಆಗದೆ ಹೊರಗೆ ಕೂರಲೂ ಆಗದೆ ಬಾಗಿಲ ಬಳಿಯೇ ಸುಳಿದಾಡುತ್ತಿದ್ದಳು.

"ಬುಟ್ಬುಟ್ಟು ಏನ್ಮಾಡಾನವ್ವ?" ಎಂದರು ಸಿದ್ದಮಲ್ಲಪ್ಪ. ಹಣೆಯಲ್ಲಿ ಬೆವರು, ಕಣ್ಣಲ್ಲಿ ನೀರು. "ನಂಗೇನು ಆಸೆನಾ ತಮ್ಮನ ಕಾಲು ಮುರಿಯಾಕೆ?"

ಆದದ್ದು ಇಷ್ಟು. ಈ ಮನೆತನದವರು ಸತ್ತವರನ್ನು ಮಲಗಿಸುವವರಲ್ಲ, ಕೂರಿಸುವವರು. ಉಸಿರು ನಿಂತು ಮೈ ಇನ್ನೂ ಬೆಚ್ಚಗಿರುವಾಗಲೇ ಚಕ್ಕಳಮಕ್ಕಳ ಹಾಕಿಸಿ, ಗೋಡೆಗೊರಗಿಸಿ, ಬಟ್ಟೆಯಲ್ಲಿ ಕಟ್ಟಿಬಿಡುತ್ತಾರೆ. ಮಣ್ಣಿಗಿಡುವಾಗಲೂ ಗುಂಡಿಯೊಳಗಿನ ಗೂಡಿನಲ್ಲಿ ಹಾಗೇ ಕೂರಿಸಿ, ಎಡ ಅಂಗೈಗೆ ಲಿಂಗ ಕೊಡುತ್ತಾರೆ. ಎಷ್ಟು ತಲೆಮಾರಿನಿಂದ ಮಾಡಿಕೊಂಡು ಬಂದ ಕೆಲಸ! ಆದರೆ ನಿನ್ನೆ ಸಂಜೆ ಪಾಠ ಮುಗಿಸಿ ಬಂದು, ಕಾಫಿ ಲೋಟ ಹಿಡಿದ ಹಾಗೇ ಮೇಷ್ಟ್ರು ಹೋಗಿಬಿಟ್ಟಾಗ ಲಾರಿ ಓಡಿಸುವ ಮಗ ಮಹೇಂದ್ರ ಹುಬ್ಬಳ್ಳಿಯ ಆಚೆಗಿದ್ದ. "ನಾ ಬರೋಗಂಟ ಅಪ್ಪನ್ನ ಕೆಡಕ್ಕೆ ಬುಡ್ಬೇಡಿ" ಎಂದು ಅಳುತ್ತಾ ಫೋನಿನಲ್ಲೇ ಹುಣಸೂರಿನಿಂದ ಫ್ರೀಜರ್ ಪೆಟ್ಟಿಗೆ ಕಳಿಸಿದ. ಪೆಟ್ಟಿಗೆ ಬಂತು. ಎಲ್ಲರೂ ಕೈಹಾಕಿ ಅದರೊಳಗೆ ನೀಟಾಗಿ ಮಲಗಿಸಿದರು. ಗಾಜಿನ ಮುಚ್ಚಳವೇನು, ಸುತ್ತ ಬಣ್ಣದ ದೀಪವೇನು! ಆ ಚೆಂದದಲ್ಲಿ ಪೆಟ್ಟಿಗೆ ಉದ್ದಕ್ಕಿದೆ ಎನ್ನುವುದು ಒಬ್ಬರ ತಲೆಗೂ ಹೊಳೆಯಲಿಲ್ಲ. ಈಗ ಮಟಮಟ ಮಧ್ಯಾಹ್ನ, ಮೇಷ್ಟ್ರು ಮರಗಟ್ಟಿದ್ದರು.

"ಹೊತ್ತು ಮುಳುಗೋದ್ರೊಳ್ಗೆ ಮಣ್ಣಾಗ್ಬೇಕು," ಎಂದರು ಕ್ರಿಯೆಗೆ ಬಂದಿದ್ದ ರುದ್ರಸ್ವಾಮಿ ಅಯ್ನೋರು, ಅಂಗಳದ ಬಿಸಿಲಿನತ್ತ ನೋಡುತ್ತಾ. "ಆಗ್ದೇ ಇದ್ರೆ ಮಲಗಿಸಿಯೇ ಮಾಡೋಣ. ಶಿವ ಬ್ಯಾಡ ಅನ್ನಲ್ಲ."

ಮೂಲೆಯಲ್ಲಿದ್ದ ಮೇಷ್ಟ್ರ ಹೆಂಡತಿ ಮಂಗಳಮ್ಮ ಆಗ ತಲೆಯೆತ್ತಿದರು. "ಶಿವ ಅನ್ನದಿದ್ರೆ ನಾನಂತೀನಿ. ಜೀವಮಾನೆಲ್ಲ ಮಲಗಿದ್ದೋರ ಪಕ್ಕ ನಿಂತ್ಕಂಡೇ ಸವೆದೋಯ್ತು ಆ ಜೀವ. ಕೂತ್ಕಂಡೇ ಓಗ್ಲಿ. ಆದ್ರೆ ಒಂದು ಮೂಳೆ ಮುರಿದ್ರೂ ನಾನು ಸುಮ್ಕಿರಾಕಿಲ್ಲ."

"ನಾನು ಕೂರಿಸ್ತೀನಿ ಅಮ್ಮ," ಎಂದಳು ಚೈತ್ರ.

ಅಂದಮೇಲೆ ತನ್ನ ಕೈಗಳನ್ನೇ ನೋಡಿಕೊಂಡಳು. ಅರಿವಳಿಕೆ ಕೊಟ್ಟವರ ಮೈ ಹತ್ತಿಯಂತೆ ಬಗ್ಗುತ್ತದೆ, ಅದು ಗೊತ್ತು. ಸತ್ತವರನ್ನು ಅವಳು ಕೂರಿಸಿದ್ದು ಎಲ್ಲಿ? ಬಾಯೇನೋ ಆಡಿಬಿಟ್ಟಿತು, ಇನ್ನು ಕೈ ಆಡಬೇಕಲ್ಲ.

*

ಥಿಯೇಟರಿನ ಕೆಲಸ ಕಲಿಸುವ ಕಾಲೇಜಿನ ಮೊದಲ ದಿನ ಮೇಷ್ಟ್ರು ಪುಸ್ತಕ ತೆಗೆಸಲಿಲ್ಲ, ಕತ್ತರಿ ಇಕ್ಕಳದ ಹೆಸರು ಹೇಳಲಿಲ್ಲ. "ಟೇಬಲ್ ಮ್ಯಾಲೆ ಮಲಕ್ಕೊ ಚೈತ್ರ," ಎಂದರು. "ನಾನು ಹೇಳೋವರ್ಗೂ ಮಿಸುಕ್ಬೇಡ."

ಮೊದಲು ನಗು ಬಂತು. ಆಮೇಲೆ ಬೆನ್ನು ನೊಂದಿತು. ಟೇಬಲ್ಲಿನ ಅಂಚಿಗೆ ಒತ್ತಿದ್ದ ಮೊಣಕೈಯಿಂದ ಕಿರುಬೆರಳಿನವರೆಗೂ ಇರುವೆ ಹರಿದಂತಾಗಿ, ಕೊನೆಗೆ ಕೈ ತನ್ನದೇ ಅಲ್ಲವೆನಿಸಿತು.

"ಸರ್, ಕೈ ಜೋಮು ಹಿಡೀತು."

"ನೀನು ಹೇಳ್ದೆ. ಅರಿವಳಿಕೇಲಿರೋನು ಹೇಳ್ತಾನಾ?" ಮೇಷ್ಟ್ರು ಅವಳ ಮೊಣಕೈ ಕೆಳಗೆ ಬಟ್ಟೆ ಮಡಿಸಿಟ್ಟರು. ಇಡುವ ಮುಂಚೆ, "ಕೈ ಎತ್ತೀನಿ ಕಣಮ್ಮ," ಎಂದಿದ್ದರು. "ಎಚ್ಚರ ಇರ್ಲಿ, ಇಲ್ದೇ ಇರ್ಲಿ, ಹೇಳಿ ಮುಟ್ಟಬೇಕು. ಹೇಳೋಷ್ಟು ಹೊತ್ತಾದ್ರೂ ನಿನ್ನ ಕೈ ನಿಧಾನ ಆಯ್ತದೆ."

ಆಮೇಲೆ ಕಿಟಕಿಯತ್ತ ತಿರುಗಿ ಹೇಳಿದರು. ಅವರಾಗ ಮೈಸೂರಿನಲ್ಲಿ ಥಿಯೇಟರಿನ ಹೊರಗೆ ಸ್ಟ್ರೆಚರ್ ತಳ್ಳುವ ಕೆಲಸದಲ್ಲಿದ್ದರಂತೆ. ಮಂಗಳಮ್ಮನವರಿಗೆ ಗರ್ಭಕೋಶದ ಆಪರೇಷನ್ ಆಯಿತು, ಚೆನ್ನಾಗೇ ಆಯಿತು. ಆದರೆ ಒಳಗೆ ಅಷ್ಟು ಹೊತ್ತು ಮೊಣಕೈ ಟೇಬಲ್ಲಿನ ಕಬ್ಬಿಣದ ಅಂಚಿಗೆ ಒತ್ತಿಕೊಂಡಿದ್ದನ್ನು ಯಾರೂ ನೋಡಲಿಲ್ಲ. ಎಡಗೈಯ ಕೊನೆಯ ಎರಡು ಬೆರಳಿಗೆ ಮತ್ತೆ ಸ್ವಾಧೀನ ಬರಲಿಲ್ಲ. ಹೊಗೆಸೊಪ್ಪನ್ನು ಒಣಗಿಸಲು ಕಡ್ಡಿಗೆ ಕಟ್ಟುವುದರಲ್ಲಿ ಓಣಿಗೇ ಮುಂದಿದ್ದ ಹೆಂಗಸು, ಆ ವರ್ಷದಿಂದ ಎಲೆ ಜಾರಿಸುತ್ತಾ ಕೂತರು.

"ಬಾಗ್ಲು ಆಚೆ ನಿಂತಿದ್ದೆ ನಾನು," ಎಂದರು ಮೇಷ್ಟ್ರು. "ಒಳಕ್ಕೆ ಓಗ್ಬೇಕು ಅಂತ ಅವತ್ತೇ ಕಲಿಯಾಕೆ ಸುರು ಮಾಡ್ದೆ."

ಒಳಗೆ ಹೋದರು, ಕಲಿತರು, ಸರ್ಜನ್ನುಗಳ ಎದುರು ನಿಂತು ಕೂದಲು ಹಣ್ಣಾಗಿಸಿಕೊಂಡರು, ಕೊನೆಗೆ ಊರಿಗೆ ಮರಳಿ ಹುಣಸೂರಿನಲ್ಲಿ ಪಾಠಕ್ಕೆ ನಿಂತರು.

*

ಬಿಸಿನೀರಿನ ಹಂಡೆ ಬಂತು. ಚೈತ್ರ ಬಟ್ಟೆ ಅದ್ದಿ ಹಿಂಡಿ ಕುತ್ತಿಗೆಗೆ, ಹೆಗಲಿಗೆ, ಸೊಂಟಕ್ಕೆ, ಮಂಡಿಗೆ ಸುತ್ತಿದಳು. ಆರಿದ್ದನ್ನು ತೆಗೆದು ಬಿಸಿಯದನ್ನು ಸುತ್ತಿದಳು. ಹೊರಗೆ ಮೇಳದವರು ತಮಟೆ ಕಾಯಿಸುತ್ತಿದ್ದರು. ಯಾರೋ ಗಳಿಗೆಗೊಮ್ಮೆ ಇಣುಕಿ "ಆಯ್ತಾ?" ಎನ್ನುತ್ತಿದ್ದರು.

"ಸರ್, ಬಲಗೈ ಎತ್ತುತಾ ಇದೀನಿ," ಎಂದಳು.

ಹೆಂಗಸರು ಮುಖ ಮುಖ ನೋಡಿಕೊಂಡರು. "ಸತ್ತೋನ್ಗೆ ಕಿವಿ ಕೇಳ್ತದೇನವ್ವ?" ಎಂದರು ಸಿದ್ದಮಲ್ಲಪ್ಪ. ಕುಹಕವಲ್ಲ, ಸಂಕಟ.

ಅವಳಿಗೆ ನಾಚಿಕೆಯಾಯಿತು. ಬಾಯಿ ಮುಚ್ಚಿಕೊಂಡು ಕೆಲಸ ಮುಂದುವರಿಸಿದಳು. ಅಷ್ಟರಲ್ಲಿ ಬಿಸಿಲು ಜಗಲಿಯಿಂದ ಇಳಿದಿತ್ತು, ಅಯ್ನೋರು ಕೆಮ್ಮಿದರು, ಅವಳ ಕೈ ತಾನಾಗಿ ಅವಸರಕ್ಕೆ ಬಿತ್ತು. ಮಂಡಿಯನ್ನು ಜಗ್ಗಿದಳು. ಕಾಲು ಜಾರಿ ಹಿಮ್ಮಡಿ ನೆಲಕ್ಕೆ ಕುಕ್ಕಿತು.

"ಅಯ್ಯೋ!" ಎಂದರು ಮಂಗಳಮ್ಮ.

ಚೈತ್ರಳ ಕಣ್ಣು ತುಂಬಿತು. ಇಷ್ಟು ಜನರ ಮುಂದೆ ತಾನೂ ಅದನ್ನೇ ಮಾಡಿದೆನಲ್ಲ! ಮುಂಗೈಯಿಂದ ಕಣ್ಣೊರೆಸಿ, ಮತ್ತೆ ಬಟ್ಟೆ ಬಿಸಿ ಮಾಡಿ, ಈ ಸಲ ಯಾರು ಏನಾದರೂ ಅಂದುಕೊಳ್ಳಲಿ ಎಂದು ಗಟ್ಟಿಯಾಗಿಯೇ ಹೇಳಿದಳು: "ಸರ್, ಕ್ಷಮಿಸಿ. ಬಲಗಾಲು ಎತ್ತುತೀನಿ. ಮಹೇಂದ್ರಣ್ಣ, ನೀವು ಎಡಗಾಲು ಹಿಡ್ಕೊಳ್ಳಿ. ಎರಡೂ ಒಟ್ಟಿಗೆ ಏಳಬೇಕು. ಅವ್ರಿಗೆ ಹೇಳಿ."

ಮಹೇಂದ್ರ ಎಡಗಾಲಿನ ಬಳಿ ಕೂತ. ಬಂದಾಗಿನಿಂದ ಎಲ್ಲರೂ ಅವನ ಮುಖವನ್ನೊಮ್ಮೆ, ಆ ಪೆಟ್ಟಿಗೆಯನ್ನೊಮ್ಮೆ ನೋಡುತ್ತಿದ್ದರು. "ಅಪ್ಪಾ," ಎಂದ. "ಅಪ್ಪಾ, ಎಡಗಾಲು ಎತ್ತೀನಿ ಕಣಪ್ಪ." ಹೇಳಿ ಗೊಳೋ ಎಂದು ಅತ್ತ. ಆದರೆ ಕೈ ಮಾತ್ರ ಮೆತ್ತಗೆ ಎತ್ತಿತು.

ಸೊಂಟ ಒಂದಿಷ್ಟು ಬಿಟ್ಟುಕೊಟ್ಟಿತು. ಮಂಡಿ ಒಂದಿಷ್ಟು. ಕಾದರು, ಬಿಸಿ ಹಾಕಿದರು, ಹೇಳಿದರು, ಎತ್ತಿದರು. ಸಿದ್ದಮಲ್ಲಪ್ಪ ಬೆನ್ನಿಗೆ ಎದೆಯೊಡ್ಡಿ ಕೂತು, ಯಾರಿಗೂ ಕೇಳದ ಹಾಗೆ, "ಒರಗ್ಕೊ ಮಗ, ನಾನಿವ್ನಿ," ಎಂದರು. ಶಿವನಂಜಪ್ಪ ಮೇಷ್ಟ್ರು ಗೋಡೆಗೊರಗಿ ಚಕ್ಕಳಮಕ್ಕಳ ಕೂತಾಗ ಅಂಗಳದಲ್ಲಿ ತಮಟೆ ಶುರುವಾಯಿತು.

ಹೊತ್ತು ಬೆಟ್ಟದ ಮಗ್ಗುಲಿಗೆ ವಾಲಿತ್ತು. ಹೊಲದ ಬದಿಯ ಗುಂಡಿಯೊಳಗೆ ಅವರನ್ನು ಗೂಡಿನಲ್ಲಿ ಕೂರಿಸಿದರು. ಅಯ್ನೋರು ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ತಂದು ಲಿಂಗವಿಟ್ಟರು. ಮೊಣಕೈ ಗೂಡಿನ ಕಲ್ಲಂಚಿಗೆ ತಾಗಿ ನಿಂತಿತು. ದಡದಲ್ಲಿದ್ದ ಚೈತ್ರ ಅದನ್ನು ನೋಡಿದಳು. ಹೇಳಲೋ ಬೇಡವೋ ಎಂದು ಒದ್ದಾಡಿದಳು. ಜನ ಆಗಲೇ ವಿಭೂತಿ, ಬಿಲ್ವಪತ್ರೆಯ ಬುಟ್ಟಿಗಳನ್ನು ಎತ್ತಿಕೊಂಡಿದ್ದರು.

"ಒಸಿ ತಡೀರಿ."

ಮಂಗಳಮ್ಮ ಮಣ್ಣಿನ ಮೆಟ್ಟಿಲು ಹಿಡಿದು ಕೆಳಗಿಳಿದರು. ಗಂಡ ಹೆಗಲಿಗೆ ಹಾಕುತ್ತಿದ್ದ ಟವೆಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಮಡಿಸತೊಡಗಿದರು. ಆ ಎರಡು ಬೆರಳಿನಿಂದ ಮಡಿಕೆ ಜಾರಿತು. ಚೈತ್ರ ಮುಂದೆ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಮಂಗಳಮ್ಮ ಮತ್ತೆ ಮಡಿಸಿದರು, ಗಂಡನ ಕಿವಿಯ ಬಳಿ ಬಗ್ಗಿದರು.

"ಮೊಣಕೈ ಎತ್ತೀನಿ ಕಣ್ರೀ," ಎಂದು, ಅವರು ಹ್ಞೂಂ ಅನ್ನುವಷ್ಟು ಹೊತ್ತು ಕಾದರು.