ಕ್ಯಾಲಮ್ ಅಜ್ಜನ ಹತ್ತು ನಿಮಿಷ

ನಮ್ಮ ಕನ್ನಡ ಸಂಘಕ್ಕೆ ನಾನೀಗ ಕಾಲಿಡುವುದಿಲ್ಲ. ಯಾಕೆ ಬರುವುದಿಲ್ಲ ಎಂದು ಕೇಳಿದವರಿಗೆ ಶಿಫ್ಟು, ಮೈಗೆ ಹುಷಾರಿಲ್ಲ, ಅದೂ ಇದೂ ಹೇಳಿ ಜಾರಿಕೊಳ್ಳುತ್ತೇನೆ. ನಿಜವಾದ ಕಾರಣ ಬೇರೆ ಇದೆ.

ನಾನು ಧಾರವಾಡದ ನೀಲಾಂಬಿಕಾ. ಇಲ್ಲಿ ಕೆನಡಾದ ಎಟೋಬಿಕೋದಲ್ಲಿ ವಯಸ್ಸಾದವರ ಮನೆಗೆ ಹೋಗಿ ಸ್ನಾನ, ಔಷಧ, ಅಡುಗೆ ನೋಡಿಕೊಳ್ಳುವುದು ನನ್ನ ಕೆಲಸ. ಎರಡು ವರ್ಷದಿಂದ ಕ್ಯಾಲಮ್ ಮೆಕ್‌ರೇ ಎಂಬ ಎಂಬತ್ತೊಂದರ ಮುದುಕ ನನ್ನ ಪಾಲಿಗಿದ್ದಾನೆ. ನಾನು ಅವನನ್ನು ಅಜ್ಜ ಎಂದೇ ಕರೆಯುತ್ತೇನೆ, ಅವನೂ ಓಗೊಡುತ್ತಿದ್ದ. ಸ್ಕಾಟ್‌ಲೆಂಡಿನ ಡಂಡೀ ಊರಿನವನು. ಇಪ್ಪತ್ತೈದರಲ್ಲಿ ಇಲ್ಲಿಗೆ ಬಂದು, ಜೀವಮಾನವಿಡೀ ವೆಲ್ಡಿಂಗ್ ಮಾಡಿ ರಿಟೈರಾದವನು. ಹೆಂಡತಿ ತೀರಿಕೊಂಡಿದ್ದಾಳೆ, ಮಕ್ಕಳಿಲ್ಲ. ಉಳಿದಿದ್ದು ಒಂದೇ ಹುಚ್ಚು: ಸ್ಕಾಟ್‌ಲೆಂಡು ಲಂಡನ್ನಿನ ಕೈಕೆಳಗಿಂದ ಹೊರಗೆ ಬಂದು ಸ್ವತಂತ್ರ ದೇಶವಾಗಬೇಕು.

2014ರಲ್ಲಿ ಅಲ್ಲಿಯ ಜನರನ್ನು ಇದೇ ಪ್ರಶ್ನೆ ಕೇಳಿದಾಗ ಬೇಡ ಎಂದವರು ಗೆದ್ದರು. ಅಲ್ಲಿ ವಾಸವಿಲ್ಲದ ಅಜ್ಜನಿಗೆ ಓಟೇ ಇರಲಿಲ್ಲ. "ನಿನ್ನೆ ಮೊನ್ನೆ ಪೋಲೆಂಡಿನಿಂದ ಬಂದವನಿಗೆ ಓಟಿತ್ತು ನೀಲಾ, ನನಗಿರಲಿಲ್ಲ. ಅದು ನ್ಯಾಯವೇ, ಅಲ್ಲಿ ಬದುಕುವವನೇ ಹೇಳಬೇಕು. ಆದರೂ ಹೊಟ್ಟೆ ಉರಿಯುತ್ತದೆ" ಎನ್ನುತ್ತಿದ್ದ. ಇಲ್ಲಿಯ ಅವನ ಸ್ಕಾಟಿಷ್ ಕ್ಲಬ್ಬಿನಲ್ಲಿ ಬೇಕು ಎನ್ನುವವರೂ ಬೇಡ ಎನ್ನುವವರೂ ಕೈಕೈ ಮಿಲಾಯಿಸಿ, ಕೊನೆಗೆ ಈ ಮಾತೇ ಎತ್ತಕೂಡದು ಎಂದು ಬೋರ್ಡು ಹಾಕಿಬಿಟ್ಟರು. ಅಲ್ಲಿಗೆ ಅಜ್ಜನ ಮಾತು ಕೇಳುವವರು ಮುಗಿದರು.

ಹೋದ ಸೆಪ್ಟೆಂಬರಿನಲ್ಲಿ ಅಜ್ಜನ ಗಂಟಲಿನಲ್ಲಿ ಕ್ಯಾನ್ಸರ್ ಕಾಣಿಸಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಆಪರೇಷನ್ನಿಗೆ ನವೆಂಬರಿನ ಒಂದು ಮಂಗಳವಾರ ಗೊತ್ತಾಯಿತು. ಅಜ್ಜ ಅಳಲಿಲ್ಲ. "ಧ್ವನಿ ಹೋಗುವ ಮೊದಲು ಒಂದು ಸಲ ನಾಲ್ಕು ಜನರ ಮುಂದೆ ನಿಂತು ಇದನ್ನು ಪೂರ್ತಿ ಹೇಳಬೇಕು, ಹತ್ತು ನಿಮಿಷ ಸಾಕು" ಎಂದ, ಅಷ್ಟೆ.

ನನ್ನ ಬಾಯಿ ಸುಮ್ಮನಿರಬೇಕಲ್ಲ! ನಮ್ಮ ಸಂಘದ ರಾಜ್ಯೋತ್ಸವ ಅದೇ ಮಂಗಳವಾರದ ಹಿಂದಿನ ಭಾನುವಾರ ಇದೆ, ಅಲ್ಲಿ ಮಾತಾಡಿಸುತ್ತೇನೆ ಎಂದುಬಿಟ್ಟೆ. ಹರಿದು ಹಂಚಿಹೋಗಿದ್ದ ನಾಡನ್ನು ಕೂಡಿಸಿಕೊಂಡವರು ನಾವು, ನಮ್ಮವರಿಗೆ ಇದು ಅರ್ಥವಾಗುತ್ತದೆ ಎಂದುಕೊಂಡಿದ್ದೆ. ಅಧ್ಯಕ್ಷ ರಾಮಮೂರ್ತಿ ಮೈಸೂರಿನವರು. ಎರಡನೇ ಮಾತಿಲ್ಲದೆ ಒಪ್ಪಿದರು. "ಒಬ್ರು ಬಿಳಿಯವ್ರು ಸ್ಟೇಜ್ ಮೇಲಿದ್ರೆ ಫಂಕ್ಷನ್‌ಗೆ ಒಂದು ಕಳೆ ಬರುತ್ತೆ ಕಣ್ರೀ" ಎಂದರು. ಆಗಲೇ ನನಗೆ ಬುದ್ಧಿ ಬರಬೇಕಿತ್ತು.

ಮೂರು ವಾರ ಅಜ್ಜ ಅಡುಗೆಮನೆಯ ಗಡಿಯಾರದ ಮುಂದೆ ನಿಂತು ಭಾಷಣ ಅಭ್ಯಾಸ ಮಾಡಿದ. ಬೈಗುಳ ಒಂದೂ ಇರಲಿಲ್ಲ. ಪೆನ್ಷನ್ ಏನಾಗುತ್ತದೆ, ಪೌಂಡು ಏನಾಗುತ್ತದೆ, ಗಡಿಯಲ್ಲಿ ಪೊಲೀಸರು ನಿಲ್ಲುತ್ತಾರೆಯೇ ಎಂಬ ಪ್ರಶ್ನೆಗಳನ್ನೆಲ್ಲ ತಾನೇ ಎತ್ತಿಕೊಂಡು ಉತ್ತರ ಕೊಟ್ಟಿದ್ದ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದಿದ್ದ. "ಬೇಡ ಎಂದವರಿಗೂ ಆ ನೆಲ ನನ್ನಷ್ಟೇ ಪ್ರೀತಿಯದು. ಅವರಿಗೆ ಹೆದರಿಕೆ. ನನಗೂ ಹೆದರಿಕೆಯೇ. ಆದರೂ ನಮ್ಮ ತಪ್ಪುಗಳನ್ನು ನಾವೇ ಮಾಡೋಣ." ಕೊನೆಗೆ ಒಂದು ಕನ್ನಡ ವಾಕ್ಯ ಬೇಕೆಂದು ನನ್ನಿಂದ ಕಲಿತ: "ನಮ್ಮ ಮನಿ ನಾವ ನಡಸ್ತೀವಿ." ಅಪ್ಪಟ ಧಾರವಾಡ! ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು.

ಭಾನುವಾರ ವುಡ್‌ಬ್ರಿಡ್ಜಿನ ಹಾಲ್. ಅಜ್ಜ ತನ್ನ ನಾಡಿನ ಗಂಡಸರು ಉಡುವ ಚೌಕಳಿ ಲಂಗ, ಕಿಲ್ಟ್, ಇಸ್ತ್ರಿ ಮಾಡಿಸಿ ಉಟ್ಟುಕೊಂಡಿದ್ದ. ಧ್ವನಿ ಉಳಿಯಲಿ ಎಂದು ಬೆಳಗಿನಿಂದ ಒಂದು ಮಾತೂ ಆಡದೆ, ಫ್ಲಾಸ್ಕಿನ ಬಿಸಿನೀರು ಗುಟುಕರಿಸುತ್ತ ಮುಂದಿನ ಸಾಲಿನಲ್ಲಿ ಕೂತಿದ್ದ. ಕಾರ್ಯಕ್ರಮ ಶುರುವಾಗಿದ್ದೇ ಒಂದೂವರೆ ಗಂಟೆ ತಡವಾಗಿ. ಆಮೇಲೆ ಸನ್ಮಾನಗಳು. ಮನೆ ಮಾರುವ ಏಜೆಂಟನಿಗೆ ಶಾಲು, ಅವನ ಹೆಂಡತಿಗೆ ಶಾಲು, ಹಳೆಯ ಅಧ್ಯಕ್ಷರಿಗೆ ಶಾಲು, ಅವರಿಗಿಂತ ಹಳೆಯ ಅಧ್ಯಕ್ಷರಿಗೂ ಶಾಲು. ಥೂ, ಯಾರು ಯಾರನ್ನು ಹೊಗಳುತ್ತಿದ್ದಾರೆ ಎಂಬ ಲೆಕ್ಕವೇ ತಪ್ಪಿಹೋಯಿತು.

ಅಜ್ಜನ ಸರದಿ ಬಂತು. ಮೊದಲು ಸನ್ಮಾನ, ಆಮೇಲೆ ಒಂದು ಹಾಡು ಮುಗಿಸಿ ಭಾಷಣ ಎಂದು ಗೊತ್ತಾಗಿತ್ತು. "ಇಂಗ್ಲೆಂಡಿನಿಂದ ಬಂದಿರೋ ನಮ್ಮ ಆತ್ಮೀಯ ಅತಿಥಿಗಳು" ಎಂದರು ರಾಮಮೂರ್ತಿ. "ಸ್ಕಾಟ್‌ಲೆಂಡ್ ರೀ!" ಎಂದು ಕೆಳಗಿನಿಂದ ಕೂಗಿದೆ. "ಅದೇ, ಅದೇ" ಎಂದು ಕೈಯಾಡಿಸಿದರು. ಕುರ್ಚಿಯಲ್ಲಿ ಕೂರಿಸಿ ಮೈಸೂರು ಪೇಟ ತೊಡಿಸಿದರು, ಶಾಲು ಹೊದಿಸಿದರು, ಮಡಿಲಿಗೆ ಹಣ್ಣಿನ ಬುಟ್ಟಿ ಇಟ್ಟರು. ಅಷ್ಟಕ್ಕೇ ಬಿಟ್ಟಿದ್ದರೆ ಸರಿಹೋಗುತ್ತಿತ್ತು. ಅತಿಥಿಯ ಗೌರವಕ್ಕೆ ಅವರ ರಾಷ್ಟ್ರಗೀತೆ ಎಂದು ಹೇಳಿ, ಸ್ಪೀಕರಿನಲ್ಲಿ ಬ್ರಿಟನ್ನಿನ ರಾಷ್ಟ್ರಗೀತೆ ಹಾಕಿಬಿಟ್ಟರು!

ನಾನೂರು ಜನ ದಡದಡ ಎದ್ದು ನಿಂತರು. ಅಜ್ಜ ಕೂತೇ ಇದ್ದ. ರಾಮಮೂರ್ತಿ ಏಳಿ ಏಳಿ ಎಂದು ಎರಡೂ ಕೈ ಎತ್ತಿ ಸನ್ನೆ ಮಾಡಿದರು. ಅಜ್ಜ ಬುಟ್ಟಿಯಲ್ಲಿದ್ದ ಬಾಳೆಹಣ್ಣನ್ನು ನೋಡುತ್ತ, ದವಡೆ ಬಿಗಿಹಿಡಿದು, ಅದು ಮುಗಿಯುವವರೆಗೆ ಅಲುಗಾಡಲಿಲ್ಲ.

ಅಜ್ಜನನ್ನು ಕೆಳಗಿಳಿಸಿ ಕೂರಿಸಿದ ಮೇಲೆ ರಾಮಮೂರ್ತಿ ನನ್ನ ಮೇಲೆ ಹಾರಿಬಿದ್ದರು. "ಎಂಥಾ ಮನುಷ್ಯರನ್ನ ಕರ್ಕೊಂಡ್ ಬಂದಿದೀರಿ ರೀ? ನಾವು ಮರ್ಯಾದೆ ಕೊಟ್ರೆ ಎದ್ದು ನಿಲ್ಲಕ್ಕೂ ಆಗಲ್ವಾ ಅವ್ರಿಗೆ?"

"ಲಂಡನ್ನಿನವ್ರ ಆಳಿಕಿ ಬ್ಯಾಡ ಬ್ಯಾಡ ಅಂತ ಅವರು ಜೀವಮಾನ ಹೊಯ್ಕೊಂಡ್ರ, ಅದನ್ನ ತಂದು ಅವರ ತಲಿಮ್ಯಾಲ ಹೊರಸಿ ಮರ್ಯಾದಿ ಅಂತೀರೇನ್ರಿ? ನಾಚ್ಕಿ ಆಗೂದಿಲ್ಲೇನ್ರಿ ನಿಮಗ?" ಎಂದೆ. ಸುತ್ತಲಿನವರು ತಿರುಗಿ ನೋಡುವಷ್ಟು ಜೋರಾಗಿಯೇ ಎಂದೆ.

ಅವರು ಮುಖ ತಿರುಗಿಸಿಕೊಂಡು ಹೋದರು. ಆಗ ಕಾರ್ಯದರ್ಶಿ ಪದ್ಮಾ ಚೀಟಿ ಹಿಡಿದು ಬಂದಳು. "ನೀಲಾ, ಆರಕ್ಕೆ ಹಾಲ್ ಖಾಲಿ ಮಾಡ್ಬೇಕಂತೆ, ಊಟ ಬೇರೆ ಇದೆ. ಇನ್ನು ಹತ್ತೇ ನಿಮಿಷ. ನಿಮ್ಮ ಕಡೆಯಿಂದ ಎರಡು ಐಟಂ ಉಳಿದಿದೆ, ಅಂಕಲ್ ಭಾಷಣ, ಶರ್ವಾಣಿ ಡ್ಯಾನ್ಸು. ಒಂದು ಮಾತ್ರ ಆಗುತ್ತೆ. ಯಾವ್ದು ಅಂತ ನೀವೇ ಹೇಳ್ಬಿಡಿ ಪ್ಲೀಸ್."

ಶರ್ವಾಣಿ ನನ್ನ ಮಗಳು, ಹದಿಮೂರು ವರ್ಷ. ಹನ್ನೊಂದು ಗಂಟೆಯಿಂದ ಮುಖಕ್ಕೆ ಬಣ್ಣ ಹಚ್ಚಿಕೊಂಡು ಪರದೆಯ ಹಿಂದೆ ನಿಂತಿದ್ದಳು. "ಅಮ್ಮಾ, ಆಮ್ ಐ ಗೋಯಿಂಗ್ ಆರ್ ನಾಟ್?" ಎಂದು ಅಲ್ಲಿಂದಲೇ ಕೇಳಿದಳು. ಅಜ್ಜ ತೊಡೆಯ ಮೇಲೆ ಭಾಷಣದ ಹಾಳೆ ಬಿಡಿಸಿಟ್ಟುಕೊಂಡು ಕೊನೆಯ ಗುಟುಕು ಬಿಸಿನೀರು ಕುಡಿಯುತ್ತಿದ್ದ.

"ಶರ್ವಾಣಿದ ಇರ್ಲಿ" ಎಂದೆ.

ಯೋಚನೆ ಮಾಡಲು ಒಂದು ಉಸಿರನ್ನೂ ತೆಗೆದುಕೊಳ್ಳಲಿಲ್ಲ ನಾನು. ಮಗಳು ಸಂಕ್ರಾಂತಿಗೆ ಕುಣಿಯಬಹುದಿತ್ತು, ಯುಗಾದಿಗೆ ಕುಣಿಯಬಹುದಿತ್ತು. ಅಜ್ಜನಿಗೆ ಇದ್ದಿದ್ದು ಅದೊಂದು ಸಂಜೆ. ಎಲ್ಲ ಗೊತ್ತಿದ್ದೂ ಹೇಳಿದೆ.

ಅಜ್ಜನ ಬಳಿ ಹೋಗಿ, "ಅವರು ನಿಮ್ಮ ಭಾಷಣ ತೆಗೆದುಬಿಟ್ಟರು ಅಜ್ಜ" ಎಂದೆ. ಅವರು, ನಾನಲ್ಲ. ಅಜ್ಜ ಹಾಳೆ ಮಡಚಿ ಜೇಬಿಗಿಟ್ಟ. ದಿನವಿಡೀ ಕೂಡಿಟ್ಟ ಧ್ವನಿಯಲ್ಲಿ, "ನಮಗೆ ಯಾವಾಗಲೂ ಹೇಳುವುದು ಅದನ್ನೇ, ಈಗ ಬೇಡ ಎಂದು" ಎಂದ. ಶರ್ವಾಣಿಯ ನೃತ್ಯ ಮುಗಿದಾಗ ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದವನು ಅವನೇ.

ಸೋಮವಾರ, ನನಗಾದರೂ ಹೇಳಿ ಅಜ್ಜ ಎಂದು ಅಂಗಲಾಚಿದೆ. "ನಿನಗೆ ಬಾಯಿಪಾಠವಾಗಿದೆಯಲ್ಲ" ಎಂದು ನಕ್ಕ. ಮಂಗಳವಾರ ಧ್ವನಿ ಹೋಯಿತು.

ಮೂರು ವಾರದ ಮೇಲೆ ಮನೆಗೆ ಬಂದ. ಕುತ್ತಿಗೆಯಲ್ಲಿ ತೂತು, ಕೈಯಲ್ಲಿ ಒಂದು ಬರೆಯುವ ಹಲಗೆ. ಮೊದಲ ದಿನವೇ ಅದರ ಮೇಲೆ ಬರೆದ: ನಿಮ್ಮ ಸಂಘಕ್ಕೊಂದು ಪತ್ರ ಹಾಕಬೇಕು. ನನ್ನ ಭಾಷಣ ತೆಗೆದವರ ಹೆಸರು ಬರಿ.

ಪೆನ್ನು ನನ್ನ ಕೈಗೆ ಕೊಟ್ಟ. ಬರೆದೆ: ರಾಮಮೂರ್ತಿ.

ಅಜ್ಜ ಅದನ್ನು ನೋಡಿ ಹೌದೆನ್ನುವಂತೆ ತಲೆಯಾಡಿಸಿದ. ಹಲಗೆ ಒರೆಸಿ ಮತ್ತೆ ಬರೆದು ನನ್ನ ಕಡೆ ತಿರುಗಿಸಿದ. 'ಅವತ್ತು ನೀನು ಅವನ ಜೊತೆ ಜಗಳ ಮಾಡಿದ್ದನ್ನು ನೋಡಿದೆ. ನನ್ನ ಪರವಾಗಿ ಅಷ್ಟು ಜೋರಾಗಿ ಯಾರೂ ಮಾತಾಡಿರಲಿಲ್ಲ.'

ಸೂಪು ಬಿಸಿ ಮಾಡುತ್ತೇನೆ ಎಂದು ಅಡುಗೆಮನೆಗೆ ಹೋಗಿ ಸಿಂಕಿನಲ್ಲಿ ವಾಂತಿ ಮಾಡಿಕೊಂಡೆ.