ಬ್ರೇಕ್ ಹಿಡಿಯದ ಬೆರಳು

ರಾಜಾನುಕುಂಟೆಯ ಇಳಿಜಾರಿನಲ್ಲಿ ಟ್ರ್ಯಾಕ್ಟರೊಂದು ಅಡ್ಡ ಬಂತು. ನೂರೀನ್ ಬ್ರೇಕ್ ಹಿಡಿಯಲು ಹೋದಳು. ಬೆರಳುಗಳು ಮಾತು ಕೇಳಲಿಲ್ಲ, ಜೋಮು ಹಿಡಿದು ಕಟ್ಟಿಗೆಯಂತಾಗಿದ್ದವು. ಹೇಗೋ ಅಂಗೈಯಿಂದ ಅದುಮಿ, ಸೈಕಲ್ಲನ್ನು ಮಣ್ಣಿಗಿಳಿಸಿ ನಿಂತಳು.

ಅವತ್ತು ಸೋಮವಾರ. ಭಾನುವಾರ ಜಿಲ್ಲಾ ಸೈಕಲ್ ತಂಡದ ಆಯ್ಕೆ. ವಿಷಯ ಅಬ್ಬಾಗೆ ಗೊತ್ತಾದರೆ ಆಯ್ಕೆಯೂ ಇಲ್ಲ, ಸೈಕಲ್ಲೂ ಇಲ್ಲ. ಬಾಯಿ ಮುಚ್ಚಿಕೊಂಡು ಯಲಹಂಕದ ಮನೆಗೆ ಮರಳಿದಳು.

ಇಷ್ಟಕ್ಕೆಲ್ಲ ಕಾರಣ ಒಂದು ಸ್ಟೀಲ್ ಲೋಟ. ಜೊತೆಗೆ ಸೈಕಲ್ ತುಳಿಯುವ ಹುಡುಗರದ್ದೊಂದು ಪದ್ಧತಿ: ಟೀ ಅಂಗಡಿ ಮುಂದೆ ಹ್ಯಾಂಡಲ್ ಹಿಡಿದು ಬಗ್ಗಬೇಕು, ಬೆನ್ನ ಮೇಲಿಟ್ಟ ಲೋಟ ಬೀಳಬಾರದು. ಬೆನ್ನು ಚಪ್ಪಟೆಯಾದಷ್ಟೂ ಗಾಳಿ ತಡೆಯುವುದಿಲ್ಲವಂತೆ, ಅದು ಅವರ ಶಾಸ್ತ್ರ. ಹಿಂದಿನ ವಾರ ನೂರೀನಳ ಲೋಟ ಉರುಳಿತು, ಹುಡುಗರು ನಕ್ಕರು. ಅವತ್ತೇ ಅವಳು ಹ್ಯಾಂಡಲ್ಲನ್ನು ಎರಡು ಬೆರಳಷ್ಟು ಕೆಳಗಿಳಿಸಿದಳು. ಲೋಟವೇನೋ ನಿಂತಿತು. ಮೈಭಾರವೆಲ್ಲ ಅಂಗೈಗೆ ಬಿತ್ತು.

ಆ ಸೋಮವಾರ ಸಂಜೆ ಅವಳ ಅಬ್ಬಾ, ಟೈಲರ್ ವಾಜಿದ್, ಎಂದಿನಂತೆ ಮಗಳ ಕೈಗೆ ಸೂಜಿ ಕೊಟ್ಟು ದಾರ ಪೋಣಿಸಲು ಹೇಳಿದ. ಸೂಜಿ ಮೂರು ಸಲ ಬಿತ್ತು.

"ಕೈಗೇನಾಯ್ತು?"

ಅವಳು ಎಲ್ಲವನ್ನೂ ಹೇಳಿದಳು. ವಾಜಿದ್ ಬೈಯಲಿಲ್ಲ. ಎದ್ದು ಹೋಗಿ ಸೈಕಲ್ಲಿಗೆ ಸರಪಳಿ ಸುತ್ತಿ ಬೀಗ ಹಾಕಿದ.

ಮರುದಿನ ನೂರೀನ್ ಪಕ್ಕದ ಬೀದಿಯ ಇಂದುವನ್ನು ಕರೆತಂದಳು. ಅವಳು ಫಿಸಿಯೋಥೆರಪಿಸ್ಟ್, ಹಿಂದೆ ರಾಜ್ಯಮಟ್ಟದಲ್ಲಿ ಸೈಕಲ್ ತುಳಿದವಳು.

"ತಪ್ಪು ಸೈಕಲ್ಲಿನದ್ದಲ್ಲ, ವಾಜಿದ್ ಭಾಯ್."

"ಇವಳು ಟ್ರ್ಯಾಕ್ಟರ್ ಕೆಳಗೆ ಹೋಗಿದ್ರೆ ಆವಾಗ್ಲೂ ಇದೇ ಮಾತು ಹೇಳ್ತಿದ್ರಾ, ಮೇಡಂ?"

ಇಂದು ಅವನ ಕೈಲಿದ್ದ ಬಟ್ಟೆಯತ್ತ ಬೆರಳು ತೋರಿಸಿದಳು. "ಒಬ್ಬರ ಅಳತೆಗೆ ಇನ್ನೊಬ್ಬರ ಬಟ್ಟೆ ಕತ್ತರಿಸ್ತೀರಾ ನೀವು? ಇವಳು ಹುಡುಗರ ಮೈಯಳತೆಗೆ ತನ್ನ ಸೈಕಲ್ ಇಳಿಸಿದ್ದಾಳೆ. ಟೇಪ್ ತನ್ನಿ, ನೀವೇ ನೋಡಿ."

ವಾಜಿದ್ ಸರಪಳಿ ಬಿಚ್ಚಿದ. ಸೈಕಲ್ಲನ್ನು ಗೋಡೆಗೆ ಆನಿಸಿ ನೂರೀನ್ ಕೂತಳು. ಕೈ ನೆಟ್ಟಗೆ, ಭುಜ ಕಿವಿಯ ಹತ್ತಿರ. ವಾಜಿದ್ ನೆಲದಿಂದ ಭುಜದವರೆಗೆ ಅಳೆದ. ಹ್ಯಾಂಡಲ್ ಮತ್ತೆ ಎತ್ತಬೇಕು ಎಂದಳು ಇಂದು.

"ಅಕ್ಕ, ಹ್ಯಾಂಡಲ್ ಎತ್ತಿದ್ರೆ ಗಾಳಿಗೆ ಸಿಕ್ಕಾಕ್ಕೊಳ್ತೀನಿ. ಭಾನುವಾರ ಹಿಂದೆ ಬಿದ್ದೋಗ್ತೀನಿ."

"ಈಗ ಎಷ್ಟೊತ್ತು ಬಗ್ಗಿರ್ತೀಯ?"

"ಹತ್ತು ನಿಮಿಷ. ಆಮೇಲೆ ನೋವಾಗಿ ಎದ್ದು ಕೂರ್ತೀನಿ."

"ಅಲ್ಲಿಂದ ಮುಂದೆ ಗಾಳಿಯೆಲ್ಲ ಎದೆಗೇ ತಾನೆ? ಕೊನೇವರೆಗೂ ಕೂರೋಕಾಗೋ ಭಂಗೀನೇ ವೇಗದ ಭಂಗಿ ಕಣೇ."

ಇಂದು ಮೊದಲು ಸೀಟು ಸರಿಮಾಡಿದಳು: ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಆಮೇಲೆ ಹ್ಯಾಂಡಲ್ ಎತ್ತಿದಳು. "ಸೊಂಟದಿಂದ ಬಾಗು. ಬೆನ್ನು ಗೂನು ಮಾಡ್ಬೇಡ. ಭುಜ ಸಡಿಲ ಬಿಡು. ಈಗ ಮೊಣಕೈ ಬಗ್ಗಿಸು. ಕಣ್ಣು ರಸ್ತೆ ಮೇಲೇ ಇರ್ಲಿ."

ವಾಜಿದ್ ಮತ್ತೆ ಅಳೆದ. ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ಅಳೆದ. ಹ್ಯಾಂಡಲ್ ಮೇಲೇರಿತ್ತು, ಭುಜ ಮಾತ್ರ ಮೊದಲಿನಷ್ಟೇ ತಗ್ಗಿನಲ್ಲಿತ್ತು. ಟೈಲರ್ ಯಾರ ಮಾತನ್ನು ನಂಬದಿದ್ದರೂ ಟೇಪನ್ನು ನಂಬಲೇಬೇಕಲ್ಲ.

ಆದರೂ ಅವನ ಭಯ ಹೋಗಲಿಲ್ಲ. "ಶನಿವಾರ ಸ್ಕೂಟರಲ್ಲಿ ಹಿಂದೆ ಬರ್ತೀನಿ. ಯಾವಾಗ ಹಾರ್ನ್ ಹೊಡೀತೀನೋ ಹೇಳಲ್ಲ. ಹೊಡೆದ ತಕ್ಷಣ ನಿಲ್ಬೇಕು. ನಿಲ್ದಿದ್ರೆ ಇಲ್ಲಿಗೇ ಮುಗೀತು."

ಶನಿವಾರ ಬೆಳಿಗ್ಗೆ, ಹೆಸರಘಟ್ಟದ ಖಾಲಿ ರಸ್ತೆ. ಹತ್ತು ನಿಮಿಷವಾಯಿತು, ಹಾರ್ನ್ ಇಲ್ಲ. ಇಪ್ಪತ್ತಾಯಿತು. ಭುಜ ಮತ್ತೆ ಬಿಗಿಯಾಗತೊಡಗಿತು. ನೂರೀನ್ ಉಸಿರು ಬಿಟ್ಟು ಮೊಣಕೈ ಸಡಿಲಿಸಿದಳು. ನಲವತ್ತನೇ ನಿಮಿಷಕ್ಕೆ, ಇಳಿಜಾರಿನ ಮಧ್ಯದಲ್ಲಿ, ಹಾರ್ನ್ ಕೂಗಿತು.

ಬೆರಳುಗಳು ಬ್ರೇಕನ್ನು ಹಿಡಿದವು. ಸೈಕಲ್ ನಿಂತಿತು.

ವಾಜಿದ್ ಇಳಿದು ಬಂದು ಅವಳ ಒಂದೊಂದೇ ಬೆರಳ ತುದಿ ಒತ್ತಿದ. "ಗೊತ್ತಾಗ್ತಿದೆಯಾ?"

"ಆಗ್ತಿದೆ, ಅಬ್ಬಾ."

ಅವನು ಹತ್ತೂ ಬೆರಳು ಒತ್ತಿ ಮುಗಿಸಿದ. ಆಮೇಲೆ ಕೇಳಿದ, "ನಾಳೆ ಎಷ್ಟೊತ್ತಿಗೆ ಹೊರಡ್ಬೇಕು?"

ರೋಡ್ ಬೈಕ್, ಅಂದರೆ ರೇಸಿನ ಸೈಕಲ್, ತುಳಿಯುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಇನ್ನೊಬ್ಬರ ಬೆನ್ನು ನೋಡಿ ನಿಮ್ಮ ಹ್ಯಾಂಡಲ್ ಇಳಿಸಬೇಡಿ. ಮೊದಲು ಸೀಟು, ಆಮೇಲೆ ಹ್ಯಾಂಡಲ್. ಒಂದು ಸಲಕ್ಕೆ ಸ್ವಲ್ಪವೇ ಬದಲಿಸಿ. ಜೋಮು ಹಿಡಿದರೆ ಮುಚ್ಚಿಡಬೇಡಿ, ತಿಳಿದವರಿಗೆ ತೋರಿಸಿ. ಇವತ್ತು ಸೈಕಲ್ಲಿಂದ ಇಳಿದ ಕೂಡಲೇ ನಿಮ್ಮ ಹತ್ತೂ ಬೆರಳುಗಳನ್ನು ಒತ್ತಿ ನೋಡಿಕೊಳ್ಳಿ.